ಸಾಲಿನಲ್ಲಿಟ್ಟ ಬುಟ್ಟಿ

ನೀರಿನ ಕ್ಯಾನಿನೊಳಗೆ ಗುಳ್ಳೆಯೊಂದು ತಳದಿಂದ ಎದ್ದು ಮೇಲೆ ಹೋಗಿ ಒಡೆಯಿತು, ಯಾರೋ ಲೋಟ ತುಂಬಿಕೊಂಡರು, ಇದು ಆರನೆಯದು, ಇಂಚರಾ ಎಣಿಸುತ್ತಿದ್ದಾಳೆ, ಕುರ್ಚಿಗಳು ಹನ್ನೊಂದು, ಒಳಗೆ ಹೋಗಿ ಬಂದವರು ನಾಲ್ವರು, ಒಬ್ಬೊಬ್ಬರಿಗೆ ಸರಾಸರಿ ಹದಿನೇಳು ನಿಮಿಷ, ತನಗಿಂತ ಮುಂದೆ ಇನ್ನಿಬ್ಬರು, ಈಗ ಹತ್ತು ನಲವತ್ತಾರು, ಅಂದರೆ ತನ್ನ ಸರದಿ ಹನ್ನೊಂದು ಇಪ್ಪತ್ತಕ್ಕೆ—ಆ ವೇಳೆ ಬಿಟ್ಟು ಬೇರೆ ಯಾವುದಾದರೂ ಬರಬಾರದಿತ್ತೇ—ಬೆಳಿಗ್ಗೆ ಕೆಂಗೇರಿಯಲ್ಲಿ ಮನೆ ಬಿಡುವಾಗ ಅಮ್ಮ ಎರಡು ಇಡ್ಲಿಯಾದ್ರೂ ತಿನ್ಕೊಂಡು ಹೋಗೇ ಅಂದಳು, ಬೇಡಮ್ಮ, ಹೊಟ್ಟೆ ತುಂಬಿದ್ರೆ ಮಾತು ಬರಲ್ಲ ಅಂದದ್ದಾಯಿತು, ಈ ಸಲಾನೂ ಮಾತು ಬರ್ಲಿಲ್ಲ ಅಂದ್ರೆ ಬಿನ್ನಿಪೇಟೆ ಚಿಕ್ಕಪ್ಪನ ಪಾತ್ರೆ ಅಂಗಡೀಲಿ ಹೋಗಿ ಕೂತ್ಕೋ, ಅಲ್ಲಿ ಪಾತ್ರೆನೇ ಮಾತಾಡ್ತವೆ, ಅಮ್ಮ ನಗುತ್ತಲೇ ಅಂದಳು, ಆದರೆ ಚಿಕ್ಕಪ್ಪನಿಗೆ ಆಗಲೇ ಫೋನು ಹೋಗಿದೆ, ಸೋಮವಾರದಿಂದ ಕಳಿಸು ಅಂದಿದ್ದಾರೆ, ಇವತ್ತು ಶುಕ್ರವಾರ. ನಾಲ್ಕು ತಿಂಗಳಲ್ಲಿ ಇದು ಐದನೆಯ ಸಂದರ್ಶನ, ಗ್ರಾಹಕ ಸೇವೆಯ ಕೆಲಸಕ್ಕೆ. ರಸಾಯನಶಾಸ್ತ್ರದ ಪದವಿ, ಮೊದಲ ದರ್ಜೆ, ಬಸವೇಶ್ವರನಗರದ ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಮೂರು ವರ್ಷ, ಆಮೇಲೆ ಲ್ಯಾಬಿನವರು ಮನೆಮನೆಗೆ ಹೋಗಿ ರಕ್ತ ತೆಗೆಯುವ ಪದ್ಧತಿ ತಂದರು, ಕೌಂಟರೇ ಬೇಡವಾಯಿತು, ಕೌಂಟರಿನ ಹಿಂದೆ ಕೂತಿದ್ದವಳೂ ಬೇಡವಾದಳು.

ಮೇಡಂ, ಆ ಬ್ಯಾಗು ಸ್ವಲ್ಪ ಆ ಕಡೆ ಇಡ್ತೀರಾ, ಓಡಾಡೋರಿಗೆ ಅಡ್ಡ ಆಗುತ್ತೆ, ಅಂದಳು ರಿಸೆಪ್ಷನ್ನಿನ ಹುಡುಗಿ, ನಯವಾಗಿಯೇ ಅಂದಳು, ಇಂಚರಾ ಬ್ಯಾಗನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು, ಇದೇ ಮಾತು, ಅಕ್ಷರ ಬಿಡದೆ ಇದೇ ಮಾತು, ಅಂದು ಲ್ಯಾಬಿನಲ್ಲಿ ತಾನು ಆಡಿದ್ದು, ಅಂಜಿನಯ್ಯ, ಆ ಬುಟ್ಟಿ ಸ್ವಲ್ಪ ಆ ಕಡೆ ಇಡ್ತೀರಾ, ಓಡಾಡೋರಿಗೆ ಅಡ್ಡ—ಬೇಡ, ಅದಲ್ಲ, ಒಳಗೆ ಹೇಳಬೇಕಾದ ಕತೆಯನ್ನು ಇನ್ನೊಮ್ಮೆ ಹೇಳಿಕೊಳ್ಳಬೇಕು, ಶಶಿಕಲಾ ಮೇಡಂ ಹೇಳಿಕೊಟ್ಟ ಕ್ರಮದಲ್ಲಿ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ತರಬೇತಿ ಕೇಂದ್ರ, ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ, ಮೇಲೆ ಕಸ್ಟಮರ್ ಎಕ್ಸ್‌ಪೀರಿಯನ್ಸ್. ನೀನೇನು ಬರೀ ಟೋಕನ್ ಕೊಡ್ತಿದ್ದೆ ಅಂತ ಬರ್ದಿದೀಯಲ್ಲೇ, ಯಾರು ಕೆಲ್ಸ ಕೊಡ್ತಾರೆ ನಿಂಗೆ, ದಿನಕ್ಕೆ ನೂರಿಪ್ಪತ್ತು ಜನ ಗ್ರಾಹಕರನ್ನ ನಿಭಾಯಿಸಿದೀನಿ ಅಂತ ಬರಿ, ನಾವು ಅನ್ಬೇಡ, ನಾನು ಅನ್ನು. ಸಂದರ್ಭ, ಹೊಣೆ, ಕ್ರಮ, ಫಲ, ನಾಲ್ಕೇ ಮೆಟ್ಟಿಲು ಕಣೇ, ನಾಲ್ಕನೇ ಮೆಟ್ಟಿಲಲ್ಲಿ ಒಂದು ಅಂಕಿ ಇರ್ಲೇಬೇಕು, ಕಾಯೋ ಸಮಯ ನಲವತ್ತು ಪರ್ಸೆಂಟ್ ಕಮ್ಮಿ ಮಾಡ್ದೆ ಅಂತ ಹಾಕು. ಅಳೆದಿಲ್ವಲ್ಲ ಮೇಡಂ. ಅಯ್ಯೋ ಪುಣ್ಯಾತ್ಗಿತ್ತಿ, ಯಾರು ಬಂದು ಅಳೀತಾರೆ, ಐವತ್ತು ಅಂದ್ರೆ ನಂಬಲ್ಲ, ಮೂವತ್ತು ಅಂದ್ರೆ ಕೇಳಲ್ಲ, ನಲವತ್ತೇ ಸರಿ. ಕಾಲೇಜಿನ ಪ್ರಯೋಗಾಲಯದಲ್ಲಿ ಬ್ಯುರೆಟ್ಟಿನ ಅಳತೆಯನ್ನು ಮೂರು ಸಲ ನೋಡದೆ ಬರೆದವಳಲ್ಲ, ಎರಡು ಅಳತೆ ಹೊಂದದಿದ್ದರೆ ದ್ರಾವಣವನ್ನೇ ಚೆಲ್ಲಿ ಮತ್ತೆ ಮೊದಲಿನಿಂದ ಹಿಡಿದವಳು, ಈಗ ರೆಸ್ಯೂಮೆಯ ಆರನೆಯ ಸಾಲಿನಲ್ಲಿ ನಲವತ್ತು ಕೂತಿದೆ, ಅಳೆಯದ ನಲವತ್ತು, ನಾಲ್ಕು ಸಂದರ್ಶನಗಳಲ್ಲಿ ಯಾರೂ ಕೇಳಲಿಲ್ಲ, ಶಶಿಕಲಾ ಮೇಡಂ ಹೇಳಿದ್ದು ನಿಜವೇ.

ಕತೆ ಹೀಗೆ: ಒಬ್ಬ ವೃದ್ಧೆ ಖಾಲಿ ಹೊಟ್ಟೆಯ ಪರೀಕ್ಷೆಗೆ ಬಂದಿದ್ದರು, ಅದು ಸಂದರ್ಭ, ಜನ ಬಹಳ ಇದ್ದರು, ಕೌಂಟರ್ ನನ್ನ ಹೊಣೆ, ಅವರು ಬಳಲಿದ್ದನ್ನು ನಾನು ಗಮನಿಸಿದೆ, ತಕ್ಷಣ ಒಳಗೆ ಕರೆದುಕೊಂಡೆ, ಅದು ಕ್ರಮ, ಅವರು ತಲೆ ಮೇಲೆ ಕೈಯಿಟ್ಟು ಹರಸಿದರು, ಅದು ಫಲ. ಮೊದಲ ಸಂದರ್ಶನದಲ್ಲಿ ಆ ವೃದ್ಧೆ ಥ್ಯಾಂಕ್ಸ್ ಹೇಳಿದ್ದರು ಅಷ್ಟೆ, ಮೂರನೆಯದರಲ್ಲಿ ಕೈ ಹಿಡಿದುಕೊಂಡರು, ನಾಲ್ಕನೆಯದರಲ್ಲಿ ಹರಸಿದರು, ಹೇಳಿದಷ್ಟೂ ಒಳ್ಳೆಯವರಾಗುತ್ತಿದ್ದಾರೆ, ಆದರೆ ಕತೆಯಲ್ಲಿ ಬುಟ್ಟಿ ಇಲ್ಲ, ಬುಟ್ಟಿ ಒಂದನ್ನು ತೆಗೆದರೆ ಎಲ್ಲವೂ ಸರಿಹೋಗುತ್ತದೆ. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಹಸಿರು–ಹಳದಿ ಬುಟ್ಟಿ, ಏಳು ಗಂಟೆಗೆ ಲ್ಯಾಬಿನ ಬಾಗಿಲು ತೆಗೆದ ಕೂಡಲೇ ಕೌಂಟರಿನ ಮುಂದೆ ಬಂದು ನೆಟ್ಟಗೆ ಕೂತಿತ್ತು, ಮೊದಲನೆಯದಾಗಿ, ಮುಂದೆ ಯಾರೂ ಇಲ್ಲದ ಜಾಗದಲ್ಲಿ, ಯಾರದು ಇದು ಅಂತ ಕೇಳಿದ್ದಳು, ಒಳಗಿದ್ದವರು ಮುಖ ಮುಖ ನೋಡಿಕೊಂಡರು, ಹೊರಗೆ ಹೊಂಗೆಯ ನೆರಳಿನ ಕಟ್ಟೆಯಲ್ಲಿ ಕೂತಿದ್ದ ಆ ವೃದ್ಧೆಗೆ ಕೇಳಿಸಿರಲಾರದು, ಹೊರಗೆ ಹೋಗಿ ಕೇಳಬಹುದಿತ್ತು, ಎಂಟು ಹೆಜ್ಜೆ, ಆಮೇಲೆ ಅಳೆದು ನೋಡಿದ್ದಾಳೆ, ಎಂಟೇ. ಆದರೆ ಟೋಕನ್ ಕೊಡುವ ವೇಳೆ, ಒಂದರಿಂದ ಕ್ರಮವಾಗಿ, ಹೆಸರು, ವಯಸ್ಸು, ಫೋನ್ ನಂಬರು, ಅಂಜಿನಯ್ಯ, ಆ ಬುಟ್ಟಿ ಸ್ವಲ್ಪ ಆ ಕಡೆ. ಬಾಗಿಲು ಕಾಯುವ ಅಂಜಿನಯ್ಯ ಅದನ್ನು ಎತ್ತಿ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಮೂಲೆಯಲ್ಲಿಟ್ಟ, ಹಿಡಿಕೆ ಗೋಡೆಯ ಕಡೆಗೆ ವಾಲಿತು. ಸಾಲಿನಲ್ಲಿ ಬುಟ್ಟಿ ಇಟ್ಟರೆ ಆಳೇ ನಿಂತ ಹಾಗೆ, ಇದು ಇಂಚರಾಗೆ ಗೊತ್ತಿಲ್ಲದ್ದಲ್ಲ, ಕೆಂಗೇರಿಯ ಬೀದಿ ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಮನೆಗೆ ಬಂದು ಸ್ಕೂಲಿನ ಲೆಕ್ಕ ಬರೆಯುತ್ತಿದ್ದವಳು, ರೇಷನ್ ಅಂಗಡಿಯ ಮುಂದೆ ಅಮ್ಮನ ಚೀಲದ ಮೇಲೆ ಕಲ್ಲು ಹೇರಿ ಬರುತ್ತಿದ್ದವಳು, ಯಾರೂ ಮುಟ್ಟುತ್ತಿರಲಿಲ್ಲ, ಬಿಂದಿಗೆಯನ್ನು ಹಿಂದಕ್ಕೆ ಸರಿಸಿದವರ ವಂಶವನ್ನೇ ಬೀದಿಯವರು ಜಾಲಾಡುತ್ತಿದ್ದರು, ಅಷ್ಟು ಗೊತ್ತಿದ್ದವಳು ಟೋಕನ್ನಿನ ಹಿಂದೆ ಕೂತ ಮೇಲೆ ಮರೆತಳು. ಅನ್ನಪೂರ್ಣೇಶ್ವರಿ ನಗರದ ಪಕ್ಕದ ಹಳೇ ಊರಿನಿಂದ ಬಂದಿದ್ದ ಬೋರಮ್ಮ ಹೊರಗೆ ಕೂತೇ ಇದ್ದಳು, ತನ್ನ ಬುಟ್ಟಿ ಸಾಲಿನಲ್ಲಿದೆ, ಕರೆಯುತ್ತಾರೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನುಂಗಿಕೊಂಡೇ ಬಂದಿದ್ದಳು, ಮಾತ್ರೆ ಊಟವಲ್ಲವಲ್ಲ, ನೀರನ್ನೂ ಕುಡಿಯದೆ, ಏಳರಿಂದ ಹನ್ನೊಂದು ಇಪ್ಪತ್ತರವರೆಗೆ, ಆಮೇಲೆ ಮೆಟ್ಟಿಲ ಹತ್ತಿರ ಒಂದು ಸದ್ದು, ತೆಂಗಿನಕಾಯಿ ಬಿದ್ದಂಥ ಸದ್ದು, ಹಣೆಯಲ್ಲಿ ರಕ್ತ, ಬೆರಳಿಗೆ ಸೂಜಿ ಚುಚ್ಚಿ ನೋಡಿದರೆ ಸಕ್ಕರೆ ಇಳಿದು ನಲವತ್ತೆಂಟು, ಅದು ಮಾತ್ರ ಅಳೆದ ಅಂಕಿ. ಸಕ್ಕರೆ ನೀರು ಇಳಿದು ಕಣ್ಣು ಬಿಟ್ಟಾಗ ಬಯ್ಯಲಿಲ್ಲ, ಇಂಚರಾಳ ಮುಖ ನೋಡಿ, ನನ್ ಸರ್ದಿ ವೊಂಟೋಯ್ತೇನವ್ವಾ, ಅಂತ ಕೇಳಿದಳು.

ಇಂಚರಾ ಯಾರು, ಬನ್ನಿ. ಒಳಗೆ ಇಬ್ಬರು, ಸಿದ್ದಲಿಂಗೇಶ್ ಅನ್ನುವ ನರೆಗೂದಲಿನವರು, ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುವ ಹೆಂಗಸು, ಎಸಿಯ ಗಾಳಿ ನೇರ ಹೊಟ್ಟೆಗೆ, ಕೂತ್ಕೊಳಮ್ಮ, ಒಬ್ಬ ಕಷ್ಟದ ಕಸ್ಟಮರನ್ನ ಹೇಗೆ ನಿಭಾಯಿಸಿದ್ರಿ ಅಂತ ಒಂದು ಉದಾಹರಣೆ ಹೇಳಿ, ಹೌದು ಸಾರ್, ಒಬ್ಬ ವೃದ್ಧೆ ಖಾಲಿ ಹೊಟ್ಟೆಯ ಪರೀಕ್ಷೆಗೆ ಬಂದಿದ್ದರು, ಮೊದಲ ಮೆಟ್ಟಿಲು, ನಾನು ಕೌಂಟರಿನಲ್ಲಿದ್ದೆ, ಎರಡನೆಯದು, ಜನ ಬಹಳ ಇದ್ದರು, ಅವರ ಬುಟ್ಟಿ ಸಾಲಿನಲ್ಲಿ ಮೊದಲು ಇತ್ತು—ನಾಲಿಗೆಯೇ ಹೇಳಿಬಿಟ್ಟಿತು, ಹಸಿವೋ ದಣಿವೋ, ಐದನೆಯ ಸಲ ಅದೇ ಕತೆಯನ್ನು ಹೊತ್ತು ಸೋತ ನಾಲಿಗೆ. ಬುಟ್ಟಿನಾ, ಅಂದರು ಸಿದ್ದಲಿಂಗೇಶ್. ಹೌದು ಸಾರ್. ಆಮೇಲೆ? ಅದನ್ನ ನಾನು ತೆಗೆಸಿಬಿಟ್ಟೆ ಸಾರ್. ಟೈಪು ಮಾಡುತ್ತಿದ್ದ ಬೆರಳುಗಳು ನಿಂತವು, ಇನ್ನು ಮುಚ್ಚುವುದಕ್ಕೆ ಏನೂ ಇಲ್ಲ, ಹೇಳುತ್ತಾ ಹೋದಳು, ಕಟ್ಟೆ, ಮಾತ್ರೆ, ನಲವತ್ತೆಂಟು, ಮೂರು ಹೊಲಿಗೆ, ಮರುದಿನದಿಂದ ಕೌಂಟರು ಮುಚ್ಚುವವರೆಗೆ ಪ್ರತಿ ಬೆಳಿಗ್ಗೆ ಟೋಕನ್ನಿಗೆ ಮೊದಲು ತಾನೇ ಹೊರಗೆ ಹೋಗಿ, ಏನೂ ತಿನ್ನದೇ ಬಂದಿರೋರು ಯಾರ್ಯಾರಿದೀರಿ, ಮಾತ್ರೆ ನುಂಗಿದೀರಾ, ಈ ಚೀಲ ಯಾರದು, ಅಂತ ಕೂಗಿ ಕೇಳುತ್ತಿದ್ದದ್ದು. ಇದು ರೆಸ್ಯೂಮೆಯಲ್ಲಿ ಇಲ್ವಲ್ಲಮ್ಮ, ಅಂದರು ಸಿದ್ದಲಿಂಗೇಶ್, ಇಲ್ಲಿ ನಲವತ್ತು ಪರ್ಸೆಂಟ್ ಅಂತಿದೆ. ಅದನ್ನ ಅಳೆದಿಲ್ಲ ಸಾರ್. ಹೆಂಗಸು ಸಿದ್ದಲಿಂಗೇಶರ ಕಡೆ ನೋಡಿದರು, ಗೋಡೆಯ ಗಡಿಯಾರ ಹನ್ನೊಂದು ಇಪ್ಪತ್ತನ್ನು ದಾಟಿತ್ತು, ಬಿನ್ನಿಪೇಟೆಯಲ್ಲಿ ಚಿಕ್ಕಪ್ಪ ಪಾತ್ರೆಗಳ ಧೂಳು ಒರೆಸುತ್ತಿರಬೇಕು, ಶಶಿಕಲಾ ಮೇಡಂ ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾರೆ, ಯಾರೂ ಕೇಳದ ಅಂಕಿಯನ್ನ ನೀನೇ ಹೋಗಿ ಅಳಿಸ್ದೆಯಲ್ಲೇ, ಇಲ್ಲ ಮೇಡಂ, ಈ ಸಲ ಕೇಳಿದರು. ಸಿದ್ದಲಿಂಗೇಶ್ ಪೆನ್ನನ್ನು ಕೆಳಗಿಟ್ಟರು, ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದು, ಮೆತ್ತಗೆ ಕೇಳಿದರು, ಆ ಅಜ್ಜಿ ಆಮೇಲೆ ಬಂದ್ರೇನಮ್ಮ? ಆಮೇಲೆ ಬೋರಮ್ಮನ ಮಗ ಬೈಕಿನಲ್ಲಿ ಬಂದು, ನಿಮ್ಗೆ ನಂಬರ್ ಇಲ್ದಿದ್ರೆ ಮನುಷ್ರು ಕಾಣಲ್ವೇನ್ರೀ ಅಂತ ಕೂಗಿ, ಕರೆದುಕೊಂಡು ಹೋದ, ಬುಟ್ಟಿ ಉಳಿಯಿತು, ಸಂಜೆ ಫೋನು ಮಾಡಿದರೆ ಅದನ್ನ ನೀವೇ ಇಟ್ಕೊಳಿ ಅಂದ, ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ, ಬೋರಮ್ಮ ಹೇಗಿದ್ದಾಳೆ, ಇದ್ದಾಳೆಯೇ, ಗೊತ್ತಿಲ್ಲ ಸಾರ್, ಹಾಗನ್ನಬೇಕು, ಬಾಯಿ ತೆರೆದಿದೆ, ನಾಲ್ಕನೆಯ ಮೆಟ್ಟಿಲು, ಫಲ, ಹೇಳಮ್ಮ ಅನ್ನುತ್ತಿದ್ದಾರೆ, ಹೇಳಬೇಕು, ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಮೂಲೆ, ಹಸಿರು–ಹಳದಿ ವೈರಿನ ಬುಟ್ಟಿ, ಗೋಡೆಯ ಕಡೆಗೆ ವಾಲಿದ ಹಿಡಿಕೆ, ಒಳಗೆ ಟವೆಲಿನಲ್ಲಿ ಗಂಟು ಕಟ್ಟಿದ ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ, ರಕ್ತ ಕೊಟ್ಟಾದ ಮೇಲೆ ತಿನ್ನಲೆಂದು, ಎರಡು ಇಡ್ಲಿ.