ಮನೆಯ ಹಾಳೆ, ಶಾಲೆಯ ಹಾಳೆ

ದಾವಣಗೆರೆಯ ಮಕ್ಕಳ ಮನೋವೈದ್ಯೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಎರಡರಲ್ಲೂ ಅವೇ ಹದಿನೆಂಟು ಪ್ರಶ್ನೆ: ಮಗು ವಸ್ತು ಕಳೆಯುತ್ತದೆಯೇ, ಕೂತಲ್ಲಿ ಕೂರದೆ ಏಳುತ್ತದೆಯೇ, ಹೀಗೆ. ಶಾಲೆಯ ಹಾಳೆಯಲ್ಲಿ ಪುಷ್ಪಲತಾ ಟೀಚರು 'ಯಾವಾಗಲೂ' ಎಂಬಲ್ಲೇ ಗುರುತು ಹಾಕುತ್ತಾ ಹೋಗಿದ್ದರು. ಮನೆಯದರಲ್ಲಿ ತಾಯಿ ರಹೀಮುನ್ನೀಸಾ ಹಾಕಿದ್ದೆಲ್ಲ 'ಇಲ್ಲವೇ ಇಲ್ಲ'.

"ಒಂದೇ ಹುಡುಗೀನಾ ಇದು?"

ಎಂಟು ವರ್ಷದ ಮುಬಶ್ಶಿರಾ ತೂಕದ ಯಂತ್ರವನ್ನು ಹತ್ತಿ ಇಳಿಯುತ್ತಿದ್ದಳು, ಮತ್ತೆ ಹತ್ತುತ್ತಿದ್ದಳು.

ರಹೀಮುನ್ನೀಸಾ ಸುಳ್ಳು ಬರೆದಿರಲಿಲ್ಲ. "ಇಂಥಾ ತೊಂದ್ರೆ ಐತೆ ಅಂತ ಡಾಕ್ಟ್ರು ಚೀಟಿ ಕೊಟ್ರೆ ಮುಂದಿನ ಬೆಂಚಿನಾಗೆ ಕೂರಿಸ್ಕಂಡು ಕಲಿಸ್ತೀನ್ರಿ. ಇಲ್ಲಾಂದ್ರೆ ಮುಂದಿನ ವರ್ಷ ಶಾಲೆಗೆ ಬ್ಯಾಡ ಅಂತಾರೆ ಹೆಡ್‌ಮಾಸ್ಟ್ರು" ಎಂದು ಹರಿಹರದ ಶಾಲೆಯಲ್ಲಿ ಟೀಚರು ಹೇಳಿ ಕಳಿಸಿದ್ದರು. ಚೀಟಿ ಬೇಕೇ ಬೇಕಿತ್ತು. ಆದರೂ ಮನೆಯಲ್ಲಿ ಮಗಳು ಏನನ್ನೂ ಕಳೆಯುತ್ತಿರಲಿಲ್ಲವಲ್ಲ?

"ಪೆನ್ಸಿಲ್ ಕಳೆಯಲ್ವಾ?" ಡಾಕ್ಟರು ಕೇಳಿದರು.

"ದಾರ ಕಟ್ಟಿ ಅಂಗಿಗೆ ಹೊಲಿದಿರ್ತೀನ್ರಿ."

"ಊಟದ ಮಧ್ಯೆ ಏಳಲ್ವಾ?"

"ಎದ್ರೇನು? ತುತ್ತು ಹಿಡ್ಕಂಡು ನಾನೇ ಹಿಂದೆ ಹೋಗ್ತೀನಿ."

"ಹೋಂವರ್ಕು?"

"ಒಂದೊಂದೇ ಅಕ್ಷರ ಹೇಳ್ತೀನಿ. ಅದು ಮುಗಿಯೋಗಂಟ ಹೊಲಿಗೆ ಮಷೀನ್ ಮುಟ್ಟಲ್ಲ."

ಡಾಕ್ಟರು ಹೊಸ ಹಾಳೆ ತೆಗೆದರು. "ಮನೆ, ಶಾಲೆ ಎರಡೂ ಕಡೆ ಕಾಣದೆ ನಾನು ಬರೆದುಕೊಡೋಕಾಗಲ್ಲಮ್ಮ. ಇನ್ನೊಂದ್ಸಲ ತುಂಬಿ. ಮನೇಲಿ ನೀವು ಇಲ್ಲ ಅಂದ್ಕೊಂಡು."

ಹೊರಗಿನ ಬೆಂಚಿನ ಮೇಲೆ ರಹೀಮುನ್ನೀಸಾ ಮಗಳನ್ನು ಪಕ್ಕ ಕೂರಿಸಿಕೊಂಡು ಪೆನ್ನು ಹಿಡಿದಳು. ತಾನು ಇಲ್ಲ. ಎಲ್ಲಿಗೆ ಹೋಗಿರುತ್ತೇನೆ? ತವರಿಗೆ ಹೋದಾಗಲೂ ಮಗಳನ್ನು ಬಿಟ್ಟು ಹೋದವಳಲ್ಲ. ಬಿಟ್ಟು ಹೋಗುವ ಜಾಗ ಒಂದೇ, ಗೋರಿ. ಆಮೇಲಿನ ಬೆಳಗನ್ನು ಊಹಿಸಿಕೊಂಡಳು. ಒಂದೇ ಕಾಲಿಗೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತ ಮಗು. ನಾದಿನಿ ಹುಮಾ ಎರಡು ಸಲ ಕೂಗಿ ಒಳಗೆ ಹೋಗುತ್ತಾಳೆ. ಮೂರನೇ ಸಲ ಕೂಗುವವರು ಯಾರೂ ಇಲ್ಲ. 'ಯಾವಾಗಲೂ'. ತಟ್ಟೆಯಲ್ಲಿ ರೊಟ್ಟಿ ಒಣಗುತ್ತದೆ. 'ಯಾವಾಗಲೂ'. ತನ್ನ ಮಗಳ ಮೇಲೆ ತಾನೇ ಚಾಡಿ ಹೇಳಿದಂತೆ ಅನ್ನಿಸುತ್ತಿದ್ದರೂ ಮುಂದಿನ ಗುರುತು ಹಾಕಿದಳು.

ಕೊನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಮುಬಶ್ಶಿರಾ ಪಕ್ಕದಿಂದ ಜಾರಿ ವರಾಂಡದಲ್ಲಿ ಓಡತೊಡಗಿದ್ದಳು. ಕರೆಯಲು ಬಾಯಿ ತೆರೆದವಳು ತಡೆದುಕೊಂಡಳು. ನಾನು ಇಲ್ಲ. ನೋಡೋಣ.

ಮಗು ಔಷಧಿ ಅಂಗಡಿಯ ಮುಂದಿನ ಜನರ ಸಾಲನ್ನು ದಾಟಿತು, ಗೇಟನ್ನೂ ದಾಟಿತು. ಅದರಾಚೆ ರಸ್ತೆ. ಒಂದು ಸಲವೂ ತಿರುಗಿ ನೋಡಲಿಲ್ಲ.

ರಹೀಮುನ್ನೀಸಾ ಹಾಳೆಯನ್ನು ಬೆಂಚಿನ ಮೇಲೆ ಬಿಸುಟು ಓಡಿದಳು.