ಪರದೆಯಿಂದ ಅಳಿಸಿದ ಸಾಲು

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ತಪ್ಪು ಸಿಕ್ಕಿತು. ಅದು ನನ್ನದಾಗಿರಲಿಲ್ಲ.

ನಾವು ಆಡುವ ಆನ್‌ಲೈನ್ ಆಟದಲ್ಲಿ ಚಿತ್ರಗಳಿಲ್ಲ, ಬರೀ ಅಕ್ಷರ. ‘ಉತ್ತರ’ ಎಂದು ಟೈಪ್ ಮಾಡಿದರೆ ಉತ್ತರದ ಕೋಣೆಯ ವರ್ಣನೆ ಬರುತ್ತದೆ. ಪಕ್ಕದಲ್ಲಿ ತಂತ್ರಾಂಶ ತಾನಾಗಿ ಒಂದು ಚೌಕ ಬರೆದು ನಕ್ಷೆ ಬೆಳೆಸುತ್ತದೆ. ಆರು ವರ್ಷದಲ್ಲಿ ನನ್ನ ನಕ್ಷೆಯಲ್ಲಿ ಒಂಬತ್ತು ಸಾವಿರ ಕೋಣೆಗಳಾಗಿದ್ದವು. ಒಂದೊಂದನ್ನೂ ಎರಡೆರಡು ಸಲ ನಡೆದು ಪರೀಕ್ಷಿಸಿದ್ದೆ. ಗುಂಪಿನವರು ನನ್ನನ್ನು ನಕ್ಷೆಯಮ್ಮ ಎಂದು ಕರೆಯುತ್ತಿದ್ದರು, ಎಲ್ಲಿಗೆ ಹೊರಟರೂ ನನ್ನನ್ನೇ ಮುಂದೆ ಬಿಡುತ್ತಿದ್ದರು.

ಅದಕ್ಕೆ ಎಂಟು ದಿನ ಮುಂಚೆ, ಶನಿವಾರ, ಹನ್ನೊಂದು ಜನರನ್ನು ನೆಲದಡಿಯ ಕೋಟೆಗೆ ಕರೆದೊಯ್ದೆ. ಗೊತ್ತಿರುವ ದಾರಿಯಲ್ಲಿ ಹತ್ತಾರು ಹೆಜ್ಜೆಗಳನ್ನು ಒಟ್ಟಿಗೆ ಕಳಿಸುತ್ತೇವೆ. ಪ್ರತಿ ಕೋಣೆಯನ್ನೂ ಯಾರೂ ಓದುತ್ತ ಕೂರುವುದಿಲ್ಲ. ನಕ್ಷೆಯ ಪ್ರಕಾರ ನಾವು ಕೋಟೆಯ ಬಾಗಿಲು ದಾಟಿ ಒಳಗಿದ್ದೆವು. ‘ಪಶ್ಚಿಮ’ ಎಂದೆ. ಬಾಗಿಲು ಮುಚ್ಚಿತ್ತು, ನಾವಿನ್ನೂ ಹೊರಗೇ ಇದ್ದೆವು. ಹೊರಗಿನ ಪಶ್ಚಿಮಕ್ಕೆ ಇರುವುದು ಗುಂಡಿ. ಎಲ್ಲರೂ ಬಿದ್ದು ಸತ್ತರು. ಆಟದಲ್ಲಿ ಸತ್ತವರು ಮತ್ತೆ ಹುಟ್ಟುತ್ತಾರೆ, ಆದರೆ ಬರಿಗೈಯಲ್ಲಿ. ಎರಡು ವರ್ಷ ಕೂಡಿಸಿದ ಕತ್ತಿ, ಕವಚ ಎಲ್ಲ ಹೋಯಿತು.

ಗುಂಪಿನ ಪುಟದಲ್ಲಿ ‘ನನ್ನ ಅಜಾಗರೂಕತೆ, ಕ್ಷಮಿಸಿ’ ಎಂದು ಬರೆದೆ. ಗುಂಪಿನ ನಾಯಕರು ನನ್ನ ಅಕ್ಕನ ಗಂಡ. ಭಾವ ಅದರ ಕೆಳಗೇ ‘ಎಡ ಬಲ ತಿಳಿಯದವರ ಕೈಗೆ ನಕ್ಷೆ ಕೊಟ್ಟಿದ್ದು ನನ್ನ ತಪ್ಪು’ ಎಂದು ಬರೆದು ನಗುವ ಮುಖ ಹಾಕಿದರು. ಈ ಭಾನುವಾರ ನಾಲ್ಕಕ್ಕೆ ಮತ್ತೆ ಕೋಟೆಗೆ ಹೊರಡುವುದಿತ್ತು. ದಾರಿ ತೋರಿಸುವ ಕೆಲಸವನ್ನು ಗುಂಪಿನಲ್ಲಿದ್ದ ಗಡಿಯಾರ ರಿಪೇರಿಯವನಿಗೆ ಕೊಟ್ಟಿದ್ದರು.

ಅದಕ್ಕೆ ಮೊದಲು ಒಬ್ಬಳೇ ಹೋಗಿ ಆ ಬಾಗಿಲ ಮುಂದೆ ನಿಂತೆ. ‘ಉತ್ತರ’ ಎಂದು ಹೊಡೆದೆ. ಪರದೆ ಸುಮ್ಮನಿತ್ತು, ನಕ್ಷೆಯ ಚುಕ್ಕಿ ಮಾತ್ರ ಒಳಗೆ ಹೋಯಿತು. ಆಟ ಕಳಿಸಿದ್ದನ್ನೆಲ್ಲ ಇದ್ದಂತೆಯೇ ಉಳಿಸಿಡುವ ದಾಖಲೆಯನ್ನು ತೆರೆದೆ. ಅದರಲ್ಲಿ ‘ಬಾಗಿಲು ಮುಚ್ಚಿದೆ’ ಎಂಬ ಸಾಲು ಇತ್ತು. ಆ ಸಾಲನ್ನು ಓದಿದರಷ್ಟೇ ನಕ್ಷೆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ನಡುವೆ ಯಾವುದೋ ಅದನ್ನು ನುಂಗುತ್ತಿತ್ತು. ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಸಿಕ್ಕಿದ್ದು, ಶನಿವಾರಕ್ಕೆ ಎರಡು ದಿನ ಮುಂಚೆ ಭಾವ ಎಲ್ಲರಿಗೂ ಕಳಿಸಿ, ಹಾಕಿಕೊಳ್ಳಲೇಬೇಕು ಎಂದಿದ್ದ, ಪರದೆಗೆ ಯಾವ ಸಾಲು ಬೇಡ ಎಂದು ಹೇಳುವ ನಿಯಮಗಳ ಕಡತ. ಅದರ ಹದಿನಾಲ್ಕನೇ ನಿಯಮ.

ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲಿಳಿದು ಅಕ್ಕನ ಮನೆಗೆ ಹೋದೆ. ಅಕ್ಕ ಬಟ್ಟೆ ಮಡಚುತ್ತಿದ್ದಳು.

“ಏನಮ್ಮ ನಕ್ಷೆಯಮ್ಮ, ದಾರಿ ತಪ್ಪಿ ಕೆಳಗೆ ಬಂದ್ಯಾ?” ಎಂದರು ಕಂಪ್ಯೂಟರ್ ಮುಂದೆ ಕೂತಿದ್ದ ಭಾವ.

“ನಿಮ್ಮ ಹದಿನಾಲ್ಕನೇ ನಿಯಮ ‘ಮುಚ್ಚಿದೆ’ ಅಂತಿರೋ ಸಾಲನ್ನೆಲ್ಲ ಅಳಿಸ್ತಿದೆ ಭಾವ.”

“ಪರದೆ ಚೊಕ್ಕಟವಾಗಿರ್ಲಿ ಅಂತ ಹಾಕಿದ್ದು. ಅದೇ ಸಾಲು ಹತ್ತು ಸಲ ಬಂದ್ರೆ ತಲೆ ಚಿಟ್ಟು ಹಿಡಿಯುತ್ತೆ.”

“ನಕ್ಷೆಗೂ ಅದು ಸಿಗ್ತಿಲ್ಲ. ಅದಕ್ಕೇ ಎಲ್ಲರೂ ಗುಂಡಿಗೆ ಬಿದ್ದಿದ್ದು.”

“ಸೋಮವಾರವೇ ತೆಗೆದೆನಲ್ಲ ಅದನ್ನ.”

“ಎಲ್ಲಿಂದ?”

“ನನ್ನದ್ರಿಂದ.”

“ಗೊತ್ತಿದ್ದೂ ಬಾಯಿ ಬಿಡಲಿಲ್ವಾ?”

“ನೀನೇ ಒಪ್ಕೊಂಡಿದ್ದೆ. ಮತ್ತೆ ಯಾಕೆ ಕೆದಕೋದು ಅಂತ.”

“ಆಟ ತಾನೇ ಕಣೇ, ಬಿಡು,” ಎಂದಳು ಅಕ್ಕ.

“ಆಟ ಅಲ್ಲ ಅಕ್ಕ. ಈ ವಾರವೆಲ್ಲ ಚಿಲಕ ಹಾಕಿದೀನಾ ಅಂತ ಮೂರು ಮೂರು ಸಲ ಎದ್ದು ನೋಡಿದೀನಿ. ಕಚೇರೀಲಿ ಒಂದು ಪತ್ರ ಬರೆದ್ರೂ ಇನ್ನೊಬ್ಬರಿಗೆ ತೋರಿಸದೆ ಕಳಿಸೋಕೆ ಧೈರ್ಯ ಇಲ್ಲ. ನನ್ನ ಕಣ್ಣನ್ನ ನಾನೇ ನಂಬ್ತಿಲ್ಲ.” ಭಾವನ ಕಡೆ ತಿರುಗಿದೆ. “ನಾನು ಕ್ಷಮೆ ಕೇಳಿದ ಪುಟದಲ್ಲೇ ಇದನ್ನ ಬರೀರಿ.”

ಅವರು ಬರೆದರು: ‘ಹೋದ ಸಲ ತಾಂತ್ರಿಕ ತೊಂದರೆಯಿಂದ ಅಡಚಣೆಯಾಯಿತು.’

“ತೊಂದರೆ ತಾನೇ ನಡ್ಕೊಂಡು ಬಂತಾ ಭಾವ?”

“ಹೊರಗಿನವರ ಮುಂದೆ ಮನೆ ವಿಷಯ ಹರಡ್ಬೇಡ.”

“ನಾನು ಕ್ಷಮೆ ಕೇಳಿದಾಗ ಅವರು ಹೊರಗಿನವರಾಗಿರ್ಲಿಲ್ವಾ?”

ಅಲ್ಲೇ ನೆಲದ ಮೇಲೆ ಕೂತು ನಾನೇ ಬರೆದೆ. ನಿಯಮ, ಕಡತ ಬಂದ ದಿನ, ಅದನ್ನು ಕಳಿಸಿದವರು, ಸೋಮವಾರ ತಮ್ಮದರಿಂದ ಮಾತ್ರ ತೆಗೆದವರು. ಎಲ್ಲರೂ ಅದನ್ನು ಅಳಿಸುವುದು ಹೇಗೆ ಎಂಬುದನ್ನೂ ಬರೆದೆ. ‘ಕ್ಷಮಿಸಿ’ ಎಂಬ ಪದ ಎಲ್ಲಾದರೂ ನುಸುಳಿದೆಯೇ ಎಂದು ಎರಡು ಸಲ ಓದಿ ಕಳಿಸಿದೆ.

ಗಡಿಯಾರ ರಿಪೇರಿಯವನು ಮೊದಲು ಉತ್ತರಿಸಿದ: ‘ಅಕ್ಕಾವ್ರೇ, ನನ್ನ ನಕ್ಷೆನೂ ಹಾಳಾಗಿತ್ತು. ನನ್ನ ಕೈಯೇ ಸರಿಯಿಲ್ಲ ಅನ್ಕೊಂಡಿದ್ದೆ. ಇವತ್ತು ನೀವೇ ಮುಂದೆ ನಡೀರಿ.’

“ಈಗ ಸಮಾಧಾನ ಆಯ್ತಾ?” ಎಂದರು ಭಾವ.

“ಇಲ್ಲ.”

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಚದೆಯೇ ರಾಶಿಯ ಮೇಲೆ ಹಾಕಿದಳು. “ಸೋಮವಾರವೇ ಗೊತ್ತಿತ್ತಾ ನಿಮಗೆ? ಬುಧವಾರ ಇವಳು ಇಲ್ಲಿ ಕೂತು ಅತ್ತಾಗ್ಲೂ?”

ಅವರು ಮೌಸ್ ಆಡಿಸುತ್ತ ಕೂತರು.

ನಾಲ್ಕಕ್ಕೆ ಆಟದೊಳಗೆ ಹತ್ತು ಜನ ನನ್ನ ಹಿಂದೆ ಬಂದು ನಿಂತರು. ಹನ್ನೊಂದನೆಯವರು ಮೂರಡಿ ದೂರದ ಕುರ್ಚಿಯಲ್ಲಿದ್ದರು. ಅವರಿಗಾಗಿ ನಾನು ಕಾಯಲಿಲ್ಲ.