ಬಾಗಿಲ ಮುಂದಿನ ತಾಟು

ಭುಜ ಎತ್ತಿದ, ಎತ್ತಿದ, ಇನ್ನೇನು ಬೀಸುತ್ತಾನೆ — ಕಿಟಕಿಯ ಹೊರಗೆ ಕಬ್ಬಿನ ಸೋಗೆ ಬಸ್ಸಿನ ಮೈ ಸವರಿ ಸರ್ರೆಂದಿತು, ವಿದ್ಯಾವತಿಯ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಅತ್ತ ಹೋಯಿತು, ಅವನಿಗೆ ಅಷ್ಟೇ ಸಾಕು, ಸರಪಳಿ ಬೀಸಿಯೇ ಬಿಟ್ಟ, ಅಂಗೈಯಗಲದ ಪರದೆಯಲ್ಲಿ ಜಡೆಯ ಹುಡುಗಿ ಅಂಗಾತ ಬಿದ್ದಳು, ಮತ್ತೆ ಸತ್ತಳು, ಹಾಳಾದವನೇ, ನಿನ್ನ ಕೈ ಮುರಿಯಲಿ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು, ಪಕ್ಕದ ಸೀಟಿನ ಮುದುಕ ಆಗಿನಿಂದ ಹೊರಳಿ ಹೊರಳಿ ನೋಡುತ್ತಿದ್ದಾನೆ, ನೋಡಲಿ, ಮಡಿಲಲ್ಲಿ ಬುತ್ತಿ ಚೀಲ ಇಟ್ಟುಕೊಂಡು, ತಲೆ ತುಂಬ ಸೆರಗು ಹೊದ್ದು, ಹುಡುಗರಾಡುವ ಗೇಮ್ ಹಿಡಿದು ಹಲ್ಲು ಕಚ್ಚುತ್ತಿರುವ ಹೆಂಗಸನ್ನು ಅವನಾದರೂ ಎಲ್ಲಿ ನೋಡಿದ್ದಾನು, ನಕ್ಕರೆ ನಗಲಿ, ಬಸ್ಸು ಹುಮನಾಬಾದ್ ಮುಟ್ಟುವುದರೊಳಗೆ ಈ ಸರಪಳಿಯವನನ್ನು ಕೆಡವಬೇಕು, ಮಾತು ಕೊಟ್ಟಾಗಿದೆ, ದೀಪಾಲಿಗೆ, ದವಾಖಾನೆಯ ಮಂಚದಲ್ಲಿ ದಿನದಿಂದ ದಿನಕ್ಕೆ ಹಾಸಿಗೆಯೊಳಗೇ ಇಳಿದು ಹೋಗುತ್ತಿರುವ ಮಗಳಿಗೆ — ನಿನ್ನೆ ಗೇಮ್ ಹಿಡಿಯುವ ಶಕ್ತಿಯೂ ಸಾಲದೆ ಅದನ್ನು ತಾಯಿಯ ಕೈಗಿಟ್ಟು, ಅವ್ವಾ, ಈ ಆರನೇ ಬಾಸ್‌ನ ನೀ ಹೊಡಿ, ನೀ ಹೊಡದ್ರ ನೀ ಏನ್ ತಂದ್ರೂ ಉಣ್ತೀನಿ ಅಂದಿದ್ದಳು, ಏನ್ ತಂದ್ರೂ, ಎಂದು ಇನ್ನೊಮ್ಮೆ ಅಂದಿದ್ದಳು, ಮುಂದೆ ಕೆಮ್ಮು ಬಂದು ಮಾತು ನಿಂತಿತ್ತು. ಅದಕ್ಕೇ ಬೆಳಿಗ್ಗೆ ಬಸವಕಲ್ಯಾಣದ ಮನೆಗೆ ಓಡಿ ಹೋಗಿ ಗೋಧಿ ಹುಗ್ಗಿ, ಶೇಂಗಾ ಉಂಡಿ, ಹೆಸರುಕಾಳಿನ ಪಲ್ಯ, ಮೆತ್ತನೆಯ ರೊಟ್ಟಿ ಎಲ್ಲ ಮಾಡಿಕೊಂಡು ಹೊರಟಿದ್ದಾಳೆ, ಬುತ್ತಿಯ ಬಿಸಿ ಇನ್ನೂ ತೊಡೆಗೆ ತಾಗುತ್ತಿದೆ, ಈ ಸರಪಳಿಯ ಬಾಸ್ ಮಾತ್ರ ಸಾಯುತ್ತಿಲ್ಲ.

ಮತ್ತೆ ಸಂತೆಬೀದಿಯ ತುದಿಯಿಂದ, ಷಟರ್ ಎಳೆದ ಅಂಗಡಿಗಳು, ಉರುಳಿಬಿದ್ದ ಡ್ರಮ್ಮುಗಳು, ಕೋಲು ಹಿಡಿದ ಪುಂಡರು, ಇವರನ್ನು ಬಡಿಯುವುದು ಈಗ ರೊಟ್ಟಿ ಬಡಿದಷ್ಟೇ ಸಲೀಸು, ಡ್ರಮ್ ಒಡೆದರೆ ಒಳಗೆ ತಿನ್ನುವ ಸಾಮಾನು ಇರುತ್ತದೆ, ಸೇಬು ತಿಂದರೆ ಮೇಲಿನ ಹಸಿರು ಪಟ್ಟಿ ಒಂಚೂರು ತುಂಬುತ್ತದೆ, ಆ ಪಟ್ಟಿಯೇ ಜಡೆಯ ಹುಡುಗಿಯ ಜೀವ — ಇದನ್ನೆಲ್ಲ ಕಲಿಸಿದವಳು ದೀಪಾಲಿಯೇ, ಗೇಮ್ ಅವಳ ಗೆಳತಿ ಅರ್ಷಿಯಾಳದು, ದವಾಖಾನೆಯಲ್ಲಿ ಹೊತ್ತು ಹೋಗಲಿ ಎಂದು ಕೊಟ್ಟು ಕಳಿಸಿದ್ದು, ಮೊದಮೊದಲು ಎದ್ದು ಕೂತು ಆಡುತ್ತಿದ್ದಳು ಹುಡುಗಿ, ಕಣ್ಣಲ್ಲಿ ಬೆಳಕಿರುತ್ತಿತ್ತು, ಬಾ ಅವ್ವಾ, ಕೂಡು ಬಾ, ಈ ಲೆವಲ್ ಕಟ್ಟಿದಂವ ನಮ್ಮ ವೈರಿ ಅಲ್ಲ, ಅಂವಗ ನಾವು ಗೆಲ್ಲೋದೇ ಬೇಕಾಗ್ಯದ, ಮೊದಲನೇ ಲೆವಲ್‌ದಾಗ ಹೊಡಿಯೋದು ಕಲಸ್ತಾನ, ಎರಡನೇದಾಗ ಜಿಗಿಯೋದು, ಯಾವ್ದು ಕಲಸ್ತಾನ ಅದನ್ನೇ ಕಡೀಕ ಬಾಸ್ ಬಂದು ಕೇಳ್ತಾನ, ಪರೀಕ್ಷಾ ಇದ್ದಂಗ, ಸಿಲಬಸ್ ಬಿಟ್ಟು ಕೇಳಂಗಿಲ್ಲ, ಬಾಸೂ ಮೋಸ ಮಾಡಂಗಿಲ್ಲ ನೋಡು, ಭುಜ ಎತ್ತಿ, ಹೇಳಿ ಹೊಡೀತಾನ, ಮತ್ತ ಬಾಸ್‌ನ ಬಾಗಿಲ ಮುಂದ ಒಂದು ತಾಟು ಇಟ್ಟಿರ್ತಾನ, ಅದು ಮಿನುಗಾಕತ್ತಿತಂದ್ರ ತಡ ಮಾಡಬ್ಯಾಡ, ಮಿನುಗಿ ಮಿನುಗಿ ಹೋಗಿಬಿಡ್ತದ. ವಿದ್ಯಾವತಿಗೆ ಆ ಕಟ್ಟಿದವನ ಮೇಲೆ ಅಂದೇ ಒಂದು ಪ್ರೀತಿ ಹುಟ್ಟಿತ್ತು, ಯಾವ ದೇಶದವನೋ, ಯಾರ ಮಗನೋ, ಕಷ್ಟ ಕೊಡುವ ಮುಂಚೆ ಊಟಕ್ಕಿಡುವ ಪುಣ್ಯಾತ್ಮ, ನಮ್ಮ ಬದುಕಿನ ಲೆವಲ್ ಕಟ್ಟಿದವನಿಗೆ ಅಷ್ಟೂ ಬುದ್ಧಿ ಇಲ್ಲವಲ್ಲ ಎಂದು ಅನಿಸಿತ್ತು.

ಬಸ್ಸು ರಾಜೇಶ್ವರದಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಂಡು ಹೊರಟಿತು, ಬಿಸಿಲು ಓರೆಯಾಗುತ್ತಿದೆ, ಇನ್ನೇನು ಊರು ಬಂತು, ಕೊರಳಲ್ಲಿ ಲಿಂಗ ಕಟ್ಟಿದ ಎರಡು ಶಿವದಾರ ಬೆವರಿಗೆ ಅಂಟಿ ತುರಿಸುತ್ತಿವೆ, ಒಂದು ತನ್ನದು, ಒಂದು ಮಗಳದು, ಎಕ್ಸ್‌ರೇ ತೆಗೆಯುವಾಗ ತೆಗೆದುಕೊಡ್ರಿ ಅಂದಿದ್ದರು, ಆಮೇಲೆ ಎದೆಗೆ ನಳಿಗೆ ಹಾಕಿ ನೀರು ತೆಗೆದರು, ಲಿಂಗ ತಾಯಿಯ ಕೊರಳಲ್ಲೇ ಉಳಿಯಿತು, ಮೈಮೇಲಿಂದ ಇಳಿಯಬಾರದ್ದು ಇಳಿದಿದೆ ಎಂದು ಹೆದರಿಕೆ — ಟೀಬಿ, ಎಂದು ಡಾಕ್ಟರು ಅಂದ ದಿನ ಅತ್ತೆ ಸಂಗಮ್ಮ, ಬಾಯಿ ಬಿಡಬ್ಯಾಡ್ರಿ, ನಾಳೆ ಕನ್ಯಾ ನೋಡಾಕ ಯಾರರ ಬರ್ತಾರೇನು, ಇಲ್ಲಿ ಬ್ಯಾಡ, ಹುಮನಾಬಾದಿಗೆ ಒಯ್ರಿ ಅಂದಿದ್ದರು, ಒಯ್ದರು, ಗುಳಿಗೆ ನುಂಗಿಸಿದರು, ಜ್ವರ ಬಿಟ್ಟಿತು, ಬಿಟ್ಟಿತು ಎಂದು ನಕ್ಕರು, ಈ ಸರಪಳಿಯವನ ಹಾಗೇ, ಸತ್ತಂತೆ ಬೀಳುತ್ತಾನೆ, ಮೈಯೆಲ್ಲ ಕೆಂಪು ಮಾಡಿಕೊಂಡು ಮತ್ತೆ ಎದ್ದು ಬರುತ್ತಾನೆ, ಹಾಗೆಯೇ ಎದ್ದು ಬಂತು ಜ್ವರ, ಮೈಯಾಗ ಏನೂ ಇಲ್ರಿ ಹುಡುಗಿಗೆ, ಗುಳಿಗೆ ಒಂದೇ ಏನ್ ಮಾಡ್ಯಾವು, ತೂಕ ಏರಬೇಕು, ಹಾಲು ಬ್ಯಾಳಿ ಅಕಿಗೆ ಸಾಲಂಗಿಲ್ಲ, ತತ್ತಿ ಕೊಡ್ರಿ ಅಂದರು ಡಾಕ್ಟರು. ತತ್ತಿ. ಕೋಳಿಯ ಮೊಟ್ಟೆ. ವೈಜನಾಥ, ಎಂಥ ಗಿರಾಕಿಗೂ ತಡವರಿಸದೆ ಮಾತಾಡುವ ತನ್ನ ಗಂಡ, ನೆಲ ನೋಡಿದರು, ಮನ್ಯಾಗ ಲಿಂಗ ಅದ, ಅಂಥಾದ್ದೆಲ್ಲ ನಮ್ಮ ಕಡಿ ನಡೆಯಂಗಿಲ್ರಿ, ಎಂದವಳು ತಾನೇ, ಅತ್ತೆಯಲ್ಲ, ಗಂಡನಲ್ಲ, ತಾನೇ, ಅತ್ತೆಯ ದನಿಯಲ್ಲಿ.

ಆಮೇಲೆ ಒಂದು ಬೆಳಿಗ್ಗೆ ನರ್ಸ್ ಮುಕ್ತಾಬಾಯಿ ಯಾರನ್ನೂ ಕೇಳದೆ ಸ್ಟೀಲಿನ ತಾಟಿನಲ್ಲಿ ಬೇಯಿಸಿದ ಮೊಟ್ಟೆ ಇಟ್ಟುಕೊಂಡು ಬಂದಿದ್ದಳು, ಔಷಧಿ ಅಂತ ತಿನ್ನು ನನ್ನವ್ವಾ, ಅಂದಳು, ದೀಪಾಲಿ ತಾಟು ನೋಡಲಿಲ್ಲ, ತಾಯಿಯ ಮುಖ ನೋಡಿದಳು, ವಿದ್ಯಾವತಿ ಕಿಟಕಿ ನೋಡಿದಳು, ಕಿಟಕಿಯಲ್ಲಿ ಏನಿತ್ತು, ಏನೂ ಇರಲಿಲ್ಲ, ಒಂದು ಗೋಡೆ, ಒಂದು ಪೈಪು, ಬ್ಯಾಡ್ರಿ ಸಿಸ್ಟರ್ ಎಂದು ಹಿಂದೆ ಮಗಳ ದನಿ ಕೇಳಿತು, ತಾಟು ಹೊರಟುಹೋಯಿತು, ಅಂದಿನಿಂದ ರೊಟ್ಟಿಯೂ ಬ್ಯಾಡ, ಹಾಲೂ ಬ್ಯಾಡ, ಹಸಿವಿಲ್ಲವ್ವಾ. ದವಾಖಾನೆಯ ಗೇಟಿನ ಬದಿಗೇ ಲತೀಫಾ ಎಂಬಾಕೆಯ ಮೊಟ್ಟೆ ಗಾಡಿ, ಪಾತೇಲಿಯಲ್ಲಿ ನೀರು ಕುದಿಯುತ್ತಿರುತ್ತದೆ, ವಿದ್ಯಾವತಿ ಮೂಗಿಗೆ ಸೆರಗು ಹಿಡಿದು ರಸ್ತೆಯ ಆಚೆಗೆ ದಾಟಿಕೊಂಡು ಹೋಗುತ್ತಾಳೆ, ಲತೀಫಾ ಮಾತ್ರ ಒಂದು ದಿನವೂ ಬಿಡದೆ, ಮಗಳು ಹ್ಯಾಂಗ ಅದಾಳ್ರಿ ಅಕ್ಕಾ, ಎಂದು ಆಚೆ ದಂಡೆಯಿಂದಲೇ ಕೂಗುತ್ತಾಳೆ.

ಬಸ್ಸು ನಿಂತಿತು. ಏನಾತ್ರಿ, ಎಂದು ಯಾರೋ ಕೇಳಿದರು, ಕಬ್ಬಿನ ಟ್ರಾಲಿ ಮಗುಚ್ಯಾದ, ಎಂದ ಕಂಡಕ್ಟರ್ ಇಳಿದು ಹೋದ, ಮುಂದೆ ಕಣ್ಣು ಹೋಗುವವರೆಗೂ ಗಾಡಿಗಳು, ಹುಮನಾಬಾದಿನ ನೀರಿನ ಟಾಕಿ ಅಲ್ಲೇ ಕಾಣುತ್ತಿದೆ, ಒಳ್ಳೆಯದೇ ಆಯಿತು, ಇನ್ನೊಂದು ಸಲ ಹೊಡೆಯಬಹುದು, ಬೀದಿಯ ತುದಿಯಿಂದ, ಮೊದಲ ಡ್ರಮ್ಮಿಗೆ ಸೇಬು, ಎರಡನೆಯದಕ್ಕೆ ಅರ್ಧ ಸೇಬು, ಮುಂದಿನದಕ್ಕೆ ಬರಿಯ ಧೂಳು, ಪಟ್ಟಿ ಕರಗುತ್ತಿದೆ, ಹಸಿರು ಹೋಗಿ ಹಳದಿ, ಬಾಸ್‌ನ ಬಾಗಿಲು ಬಂತು, ಕಡೆಯ ಡ್ರಮ್, ಒಡೆದಳು, ಬಂತು ತಾಟು, ಕಾಲು ಮೇಲೆ ಮಾಡಿದ ಸುಟ್ಟ ಕೋಳಿ, ಥೂ, ಬೆರಳು ತಾನಾಗಿ ಜಿಗಿಯುವ ಗುಂಡಿ ಒತ್ತಿತು, ಜಡೆಯ ಹುಡುಗಿ ತಾಟನ್ನು ದಾಟಿ ಅರ್ಧ ಜೀವದಲ್ಲಿ ಬಾಗಿಲೊಳಗೆ ಹೋದಳು, ಪ್ರತಿಸಲವೂ ಹೀಗೇ, ಬಣ್ಣದ ಚುಕ್ಕಿಗಳ ಕೋಳಿ, ವಾಸನೆ ಇಲ್ಲ ಎಲುಬಿಲ್ಲ, ಆದರೂ ಬೆರಳು ಒಲ್ಲೆ ಅನ್ನುತ್ತದೆ, ಸರಪಳಿಯವನು ಭುಜ ಎತ್ತಿದ, ತಪ್ಪಿಸಿಕೊಂಡಳು, ಎತ್ತಿದ, ತಪ್ಪಿಸಿಕೊಂಡಳು, ಹೊಡೆದಳು, ಬಿದ್ದ, ಕೆಂಪಗೆ ಎದ್ದ, ಇನ್ನೊಂದು ಏಟು ತಡೆಯುವಷ್ಟು ಜೀವ ಇದ್ದಿದ್ದರೆ, ಇನ್ನೊಂದೇ — ಫೋನು ಹೊಡೆದುಕೊಂಡಿತು, ವೈಜನಾಥ, ಎಲ್ಲಿ ಅದಿ ವಿದ್ಯಾ, ದಮ್ಮು ಹತ್ಯಾದ ಅಕಿಗೆ, ಉಸಿರು ಸಿಗವಲ್ದು, ಬೀದರಿಗೆ ಒಯ್ರಿ ಅನ್ನಾಕತ್ತಾರ, ಆಂಬುಲೆನ್ಸ್ ಕರಿಯಾಕ ಹೋಗ್ಯಾರ, ಲಗೂನ ಬಾ, ಎಂದರು, ಬಂದೇರಿ, ಇಲ್ಲೇ ಅದೀನಿ, ಊರ ಬಾಯಿಗೇ ಅದೀನಿ, ಎಂದಳು, ಎನ್ನುವಷ್ಟರಲ್ಲಿ ಪರದೆಯಲ್ಲಿ ಹುಡುಗಿ ಸತ್ತಿದ್ದಳು.

ಇಳಿದು ಓಡಬೇಕು, ಎಂದು ಗೊತ್ತು, ಆದರೆ ಮಾತು ಕೊಟ್ಟಿದ್ದೇನೆ, ಗೆಲ್ಲದೆ ಹೋದರೆ ಉಣ್ಣುವುದಿಲ್ಲ ಅವಳು, ಹುಚ್ಚು ಹಿಡಿದವಳ ಹಾಗೆ ಮತ್ತೆ ಗುಂಡಿ ಒತ್ತಿದಳು, ಏನು ಕಲಿಸಿದೆಯೋ ಮಾರಾಯ ಈ ಲೆವಲ್ಲಿನಲ್ಲಿ, ಕಲಿಸಿದ್ದನ್ನೇ ಕೇಳುತ್ತೀ ಅಂದಳಲ್ಲ ಮಗಳು, ಹೊಡೆಯುವುದು ಗೊತ್ತು, ಜಿಗಿಯುವುದು ಗೊತ್ತು, ಭುಜ ನೋಡುವುದು ಗೊತ್ತು, ಸೇಬು, ಅರ್ಧ ಸೇಬು, ಧೂಳು, ಮತ್ತೆ ತಾಟು, ಬೇರೆ ಎಲ್ಲ ಇಲ್ಲದಂತೆ ಮಾಡಿ ಅದೊಂದನ್ನೇ ಉಳಿಸಿದ್ದೀಯಲ್ಲ — ಅರ್ಷಿಯಾ ಇದನ್ನ ಒಂದೇ ಏಟಿಗೆ ದಾಟ್ತಾಳ ಅವ್ವಾ, ಎಂದು ಒಮ್ಮೆ ದೀಪಾಲಿ ಅಂದಿದ್ದಳು, ನೀನ್ಯಾಕ ದಾಟಂಗಿಲ್ಲ ಹಂಗಾರ, ಎಂದರೆ ಜಡೆಯ ಹುಡುಗಿಯನ್ನು ತಾಟಿನ ಮುಂದೆ ತಂದು ನಿಲ್ಲಿಸಿ, ಆಟ ಬಿಟ್ಟು, ತಾಯಿಯ ಮುಖ ನೋಡಿದ್ದಳು, ಅದೇ ನೋಟ, ಮುಕ್ತಾಬಾಯಿ ಬಂದ ಬೆಳಿಗ್ಗೆಯ ನೋಟ, ತಾಟು ಮಿನುಗಿತು, ಮಿನುಗಿತು, ಹೋಯಿತು, ಇಬ್ಬರೂ ನೋಡುತ್ತ ಕೂತಿದ್ದರು. ಅಯ್ಯೋ ನನ್ನ ಕೂಸೇ, ನಿನಗೆ ಗೊತ್ತಿತ್ತು, ಅದನ್ನು ತಿನ್ನದೆ ಇವನು ಸಾಯುವುದಿಲ್ಲ ಎಂದು ಗೊತ್ತಿದ್ದೇ ಗೇಮ್ ನನ್ನ ಕೈಗೆ ಕೊಟ್ಟೆ, ಏನ್ ತಂದ್ರೂ ಉಣ್ತೀನಿ, ಎಂದು ಬಾಯಿ ಬಿಟ್ಟು ಹೇಳಿದೆ, ನಾನು ಹುಗ್ಗಿ ಮಾಡಿಕೊಂಡು ಬಂದೆ, ಡ್ರಮ್ ಒಡೆಯಿತು, ತಾಟು ಬಂತು, ಹೆಬ್ಬೆರಳು ಎತ್ತಿಕೊಳ್ಳುವ ಗುಂಡಿಯ ಮೇಲಿದೆ, ಒತ್ತು, ಒತ್ತೇ ವಿದ್ಯಾ, ಒತ್ತಿದಳು, ಜಡೆಯ ಹುಡುಗಿ ಬಗ್ಗಿದಳು, ಪಟ್ಟಿ ಈ ತುದಿಯಿಂದ ಆ ತುದಿಗೆ ಹಸಿರಾಗಿ ತುಂಬಿಕೊಂಡಿತು, ಅಷ್ಟೊಂದು ಹಸಿರನ್ನು ಅವಳು ಈ ಲೆವಲ್ಲಿನಲ್ಲಿ ಕಂಡೇ ಇರಲಿಲ್ಲ, ಬಾಸ್‌ನನ್ನು ಅಲ್ಲೇ ಬಿಟ್ಟು ಗೇಮನ್ನು ಚೀಲಕ್ಕೆ ತುರುಕಿದಳು, ಮುದುಕನ ಕಾಲು ದಾಟಿ ಇಳಿದಳು.

ಟ್ರಾಲಿಗಳ ಬದಿಯಲ್ಲಿ ಓಡುತ್ತಾಳೆ, ಚಪ್ಪಲಿಗೆ ಕಬ್ಬಿನ ರಸ ಅಂಟುತ್ತದೆ, ಸೆರಗು ಜಾರಿದ್ದು ಜಾರಲಿ, ಬುತ್ತಿ ಸೊಂಟಕ್ಕೆ ಬಡಿಯುತ್ತಿದೆ, ಕೊರಳಲ್ಲಿ ಎರಡೂ ಲಿಂಗ ಎದೆಗೆ ಬಡಿಯುತ್ತಿವೆ, ಸಿಟ್ಟಾದರೆ ನನ್ನ ಮೇಲಾಗು ತಂದೆ, ಅವಳ ಮೇಲಲ್ಲ, ಯಾರದೋ ಆಟೋ ಸಿಕ್ಕಿತು, ಸಿಗ್ನಲ್, ಪೇಟೆ, ಹೊತ್ತು ಮುಳುಗಿ ಅಂಗಡಿಗಳ ದೀಪ ಹತ್ತುತ್ತಿವೆ, ಗೇಟು, ಗಾಡಿ, ಕುದಿಯುವ ಪಾತೇಲಿ, ಇವತ್ತು ಅವಳು ರಸ್ತೆ ದಾಟಲಿಲ್ಲ, ಒಂದು ತತ್ತಿ ಕೊಡ್ರಿ, ಎಂದ ದನಿ ತನ್ನದೇ, ಲತೀಫಾ ಅವಳ ಮುಖ ನೋಡಿದಳು, ಲಗುಬಗೆಯಿಂದ ಸುಲಿದು, ಬಿಸಿ ಅದ ಅಕ್ಕಾ, ಜ್ವಾಕಿ, ಎಂದು ಅಂಗೈಗೇ ಇಟ್ಟಳು, ರೊಕ್ಕ ಆಮ್ಯಾಲೆ, ಹೋಗ್ರಿ, ಹೋಗ್ರಿ ಮೊದಲ. ಎಷ್ಟು ಹಗುರ, ಇಷ್ಟು ಮೆತ್ತಗೆ ಇರುತ್ತದೆಯೇ ಇದು, ಇಷ್ಟಕ್ಕೇ ಅಷ್ಟೆಲ್ಲವೇ, ಗೇಟಿನೊಳಗೆ ಆಂಬುಲೆನ್ಸು ಹಿಂಬಾಗಿಲು ತೆರೆದು ನಿಂತಿದೆ, ವೈಜನಾಥ ಕೈ ಬೀಸಿ ಕರೆಯುತ್ತಿದ್ದಾರೆ, ಮುಕ್ತಾಬಾಯಿ ಸಿಲಿಂಡರ್ ಹಿಡಿದು ಹತ್ತುತ್ತಿದ್ದಾಳೆ, ಸ್ಟ್ರೆಚರಿನ ಮೇಲೆ ಮಗಳು, ಬಾಯಿ ಮೂಗು ಮುಚ್ಚಿದ ಮಾಸ್ಕು, ಅದರೊಳಗೆ ಉಸಿರು ಮಂಜಾಗಿ ಬರುತ್ತದೆ, ಹೋಗುತ್ತದೆ, ದೀಪಾ, ನೋಡವ್ವಾ, ತಂದೀನಿ, ನಾನೇ ತಂದೀನಿ, ನನ್ನ ಕೈಲೇ ತಂದೀನಿ, ಹುಡುಗಿಯ ಕಣ್ಣು ತೆರೆದವು, ತಾಯಿಯ ಮುಖಕ್ಕೆ ಬಂದವು, ಅಂಗೈಗೆ ಇಳಿದವು, ಈಗ ಬಾಯಿಗೆ ಏನೂ ಹಾಕಬ್ಯಾಡ್ರಿ ಅಕ್ಕಾರ, ಹತ್ರಿ, ಹತ್ರಿ, ಎಂದು ಮುಕ್ತಾಬಾಯಿ ಅನ್ನುತ್ತಿದ್ದಾಳೆ, ಮೇಲಿನ ದೀಪ ಸುತ್ತುತ್ತಿದೆ, ಚಾಚಿದ ಅಂಗೈಯ ಮೇಲೆ ಕೆಂಪು ಬೆಳಕು ಬೀಳುತ್ತದೆ, ಕತ್ತಲೆ ಬೀಳುತ್ತದೆ, ಮಿನುಗಾಕತ್ತಿತಂದ್ರ ತಡ ಮಾಡಬ್ಯಾಡವ್ವಾ, ಅಂಗೈಯಲ್ಲಿ ಮೊಟ್ಟೆ, ಹತ್ತಿತು, ಆರಿತು, ಹತ್ತಿತು, ಆರಿತು, ಹತ್ತಿತು —